ಕಣ್ಣೂರಿನಿಂದ ದುಬೈಗೆ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ: ನಾವು ವಿರಾಜಪೇಟೆ ತಾಲ್ಲೂಕಿನ ಅಮ್ಮತ್ತಿ ಸಮೀಪದ ಕಾಫಿ ಬೆಳೆಗಾರರು. ಮಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ನಾವಿಬ್ಬರೂ ಅಲ್ಲಿಗೆ ಹೋಗಿ, ಪುತ್ತರಿ ಹಬ್ಬದ ಹೊತ್ತಿಗೆ ಮರಳಬೇಕೆಂದಿದ್ದೇವೆ. ಕಣ್ಣೂರು–ದುಬೈ ದೂರವನ್ನು ಹುಡುಕಿದರೆ ಒಂದು ಜಾಲತಾಣ 2,587 ಕಿ.ಮೀ. ಮತ್ತು 3 ಗಂಟೆ 43 ನಿಮಿಷ ಎನ್ನುತ್ತದೆ. ಇನ್ನೊಂದು 1,397 ಎಂಬ ಅಂಕಿಯನ್ನೂ 3 ಗಂಟೆ 14 ನಿಮಿಷವನ್ನೂ ತೋರಿಸುತ್ತದೆ. ಮಗ ಕಳುಹಿಸಿದ ವೇಳಾಪಟ್ಟಿಯಂತೆ ಹೋಗುವ ವಿಮಾನ ಬೆಳಿಗ್ಗೆ 9ಕ್ಕೆ ಹೊರಟು 11:20ಕ್ಕೆ ತಲಪುತ್ತದೆ. ಬರುವ ವಿಮಾನ ಮಧ್ಯಾಹ್ನ 12:20ಕ್ಕೆ ಹೊರಟು ಸಂಜೆ 5:25ಕ್ಕೆ ತಲಪುತ್ತದೆ. ಒಂದೇ ದಾರಿಗೆ ಹೋಗಲು ಎರಡೂಕಾಲು ಗಂಟೆ, ಬರಲು ಐದು ಗಂಟೆ ಹೇಗೆ? ನಿಜವಾದ ದೂರ ಮತ್ತು ಸಮಯ ಯಾವುದು? ಮಂಗಳೂರಿನಿಂದ ದುಬೈ ಇನ್ನೂ ಹತ್ತಿರ ಎನ್ನುತ್ತಾರೆ, ಬೆಂಗಳೂರಿನಿಂದ ವಿಮಾನಗಳು ಹೆಚ್ಚು ಎನ್ನುತ್ತಾರೆ. ನಮಗೆ ಯಾವುದು ಅನುಕೂಲ? ಮರಳುವ ದಿನ ಮನೆಯಿಂದ ಜೀಪು ಯಾವಾಗ ಹೊರಡಬೇಕು?

ಉತ್ತರ: ಮೊದಲು ಗಡಿಯಾರದ ಗೊಂದಲವನ್ನು ಬಿಡಿಸಿಕೊಳ್ಳೋಣ, ಏಕೆಂದರೆ ನಿಮ್ಮ ಪ್ರಶ್ನೆಯ ದೊಡ್ಡ ಭಾಗ ಅಲ್ಲಿಗೇ ತೀರುತ್ತದೆ. ವಿಮಾನದ ಟಿಕೆಟ್ಟಿನಲ್ಲಿ ಹೊರಡುವ ಸಮಯವನ್ನು ಹೊರಡುವ ಊರಿನ ಗಡಿಯಾರದಂತೆಯೂ ತಲಪುವ ಸಮಯವನ್ನು ತಲಪುವ ಊರಿನ ಗಡಿಯಾರದಂತೆಯೂ ಮುದ್ರಿಸುತ್ತಾರೆ. ಭಾರತದ ಸಮಯ ಗ್ರೀನಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ, ದುಬೈಯದು ನಾಲ್ಕು ಗಂಟೆ ಮುಂದಿದೆ; ಹಾಗಾಗಿ ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುತ್ತದೆ. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಿಡುವ ಪದ್ಧತಿ ಎರಡೂ ದೇಶಗಳಲ್ಲಿ ಇಲ್ಲವಾದ್ದರಿಂದ ಈ ಅಂತರ ವರ್ಷವಿಡೀ ಒಂದೇ. ನಿಮ್ಮ ಹೋಗುವ ವಿಮಾನ 11:20ಕ್ಕೆ ತಲಪಿದಾಗ ಅಮ್ಮತ್ತಿಯಲ್ಲಿ ಮಧ್ಯಾಹ್ನ 12:50 ಆಗಿರುತ್ತದೆ, ಅಂದರೆ ಪ್ರಯಾಣ 3 ಗಂಟೆ 50 ನಿಮಿಷದ್ದು. ಬರುವಾಗಿನ 5 ಗಂಟೆ 5 ನಿಮಿಷದಿಂದ ಅದೇ ಒಂದೂವರೆ ಗಂಟೆಯನ್ನು ಕಳೆದರೆ ಉಳಿಯುವುದು 3 ಗಂಟೆ 35 ನಿಮಿಷ. ನಿಮ್ಮನ್ನು ಕಾಡಿದ ಎರಡೂಮುಕ್ಕಾಲು ಗಂಟೆಯ ವ್ಯತ್ಯಾಸ ಹೀಗೆ ಹದಿನೈದು ನಿಮಿಷಕ್ಕೆ ಇಳಿಯುತ್ತದೆ, ಮತ್ತು ಆ ಹದಿನೈದು ನಿಮಿಷ ಮಾತ್ರ ನಿಜವಾದದ್ದು. ಅದಕ್ಕೆ ಕಾರಣ ಗಾಳಿ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಇನ್ನು ದೂರ. ನೀವು ಕಂಡ 2,587 ಮತ್ತು 1,397 ಎರಡೂ ಒಂದೇ ದೂರವನ್ನು ಹೇಳುತ್ತವೆ. ಮೊದಲನೆಯದು ಕಿಲೋಮೀಟರಿನಲ್ಲಿ, ಎರಡನೆಯದು ನಾಟಿಕಲ್ ಮೈಲಿಯಲ್ಲಿ ಇದೆ. ಸಮುದ್ರಯಾನದಿಂದ ವಿಮಾನಯಾನಕ್ಕೆ ಬಂದ ಈ ಅಳತೆ 1,852 ಮೀಟರಿಗೆ ಸಮ. ಭೂಮಿಯ ಮೇಲ್ಮೈಯಲ್ಲಿ ಅಕ್ಷಾಂಶದ ಒಂದು ಡಿಗ್ರಿಯನ್ನು ಅರುವತ್ತು ಪಾಲು ಮಾಡಿದರೆ ಸಿಗುವ ಒಂದು ಪಾಲಿನ ಉದ್ದ ಅದು. ರಸ್ತೆಯ ಮೈಲಿಗಲ್ಲುಗಳಲ್ಲಿ ಹಿಂದೆ ಇದ್ದ ಮೈಲಿ ಬೇರೆ, ಅದು ಸುಮಾರು 1,609 ಮೀಟರ್. ಕೆಲವು ಜಾಲತಾಣಗಳು ಆ ಲೆಕ್ಕದಲ್ಲಿ 1,607 ಎಂಬ ಮೂರನೆಯ ಅಂಕಿಯನ್ನೂ ಕೊಡುತ್ತವೆ. ಘಟಕದ ಹೆಸರನ್ನು ಕಾಣುವಂತೆ ಬರೆಯದ ಜಾಲತಾಣವನ್ನು ನಂಬಿ ಯಾವ ಲೆಕ್ಕವನ್ನೂ ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ಈ 2,587 ಎಲ್ಲಿಂದ ಬಂತು ಎಂಬುದನ್ನೂ ತಿಳಿದಿರುವುದು ಒಳ್ಳೆಯದು, ಏಕೆಂದರೆ ಆ ದಾರಿಯನ್ನು ಯಾರೂ ಹಾರಿ ಅಳೆದದ್ದಲ್ಲ. ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣದ ಅಕ್ಷಾಂಶ ಉತ್ತರಕ್ಕೆ 11.92 ಡಿಗ್ರಿ, ರೇಖಾಂಶ ಪೂರ್ವಕ್ಕೆ 75.55 ಡಿಗ್ರಿ. ದುಬೈ ನಿಲ್ದಾಣದ್ದು 25.25 ಮತ್ತು 55.36. ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಗೋಳವೆಂದು ಇಟ್ಟುಕೊಂಡು, ಈ ಎರಡು ಬಿಂದುಗಳಿಗೂ ಗೋಳದ ಕೇಂದ್ರದಲ್ಲಿ ಏರ್ಪಡುವ ಕೋನವನ್ನು ತ್ರಿಕೋನಮಿತಿಯ ಸೂತ್ರದಿಂದ ಕಂಡುಹಿಡಿಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಆ ಕೋನ 23.26 ಡಿಗ್ರಿ, ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ. ಆಗುವುದರಿಂದ ಗುಣಿಸಿದಾಗ 2,587 ಬರುತ್ತದೆ. ಭೂಮಿ ನಿಜಕ್ಕೂ ಪೂರ್ಣ ಗೋಳವಲ್ಲ, ಸಮಭಾಜಕ ವೃತ್ತದ ತ್ರಿಜ್ಯ 6,378 ಕಿ.ಮೀ. ಇದ್ದರೆ ಧ್ರುವಗಳ ಕಡೆಗೆ 6,357 ಕಿ.ಮೀ. ಮಾತ್ರ ಇದೆ. ಈ ಚಪ್ಪಟೆತನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಜಾಲತಾಣದಲ್ಲಿ ಕೆಲವು ಕಿಲೋಮೀಟರುಗಳ ವ್ಯತ್ಯಾಸ ಕಾಣಬಹುದು. ಅದು ಹಾರಾಟದಲ್ಲಿ ಅರ್ಧ ನಿಮಿಷದ ಮಾತು, ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾಗಿ ಗಮನಿಸಬೇಕಾದದ್ದು ನಿಲ್ದಾಣದ ಹೆಸರು. ದುಬೈಯಲ್ಲಿ ಎರಡು ವಿಮಾನ ನಿಲ್ದಾಣಗಳಿವೆ: ಊರೊಳಗಿನ ಹಳೆಯದು ಒಂದು, ತೆಂಕಣದಲ್ಲಿ ದೂರಕ್ಕಿರುವ ಅಲ್ ಮಕ್ತೂಮ್ ನಿಲ್ದಾಣ ಇನ್ನೊಂದು. ಪಕ್ಕದ ಶಾರ್ಜಾದ ನಿಲ್ದಾಣವೂ ಹುಡುಕಾಟದಲ್ಲಿ ಜೊತೆಗೇ ಬರುತ್ತದೆ. ಮಗನ ಮನೆಗೆ ಯಾವುದು ಹತ್ತಿರ ಎಂಬುದನ್ನು ಅವನಿಂದಲೇ ಕೇಳಿ ತಿಳಿದುಕೊಳ್ಳಿ.

ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಕಿರಿದಾದ ದಾರಿಯನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. ಗೋಡೆಗೆ ತೂಗುಹಾಕುವ ಭೂಪಟದಲ್ಲಿ ಇದು ಬಾಗಿದಂತೆ ಕಾಣುವುದರಿಂದ ವಿಮಾನಗಳು ಸುತ್ತಿ ಹೋಗುತ್ತವೆ ಎಂದು ಅನೇಕರು ತಪ್ಪು ತಿಳಿಯುತ್ತಾರೆ. ಕಣ್ಣೂರು–ದುಬೈಯಂಥ ಮಧ್ಯಮ ದೂರಕ್ಕೆ ಬಾಗು ಅಷ್ಟಾಗಿ ಕಾಣದು. ದೂರ ಹೆಚ್ಚಿದಂತೆ ಅದು ಬೆರಗು ಹುಟ್ಟಿಸುವಷ್ಟಾಗುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ಇದ್ದ ಪೈಲಟ್ ತಂಡ ಅದನ್ನು ಉತ್ತರ ಧ್ರುವದ ಮೇಲಿನಿಂದ ತಂದಿತು. ಎರಡೂ ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರು ಬದಿಗಳ ರೇಖಾಂಶಗಳಲ್ಲಿರುವುದರಿಂದ, ಸುಮಾರು 14,000 ಕಿ.ಮೀ. ಉದ್ದದ ಅತಿ ಕಿರಿದಾದ ದಾರಿ ಧ್ರುವದ ಸಮೀಪದಿಂದಲೇ ಹಾದುಹೋಗುತ್ತದೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿದರೆ ಇದು ತಾನಾಗಿ ತಿಳಿಯುತ್ತದೆ.

ವಿಮಾನ ಹಾರುವ ದಾರಿ ಮಾತ್ರ ಈ ಗಣಿತದ ದಾರಿಗಿಂತ ಯಾವಾಗಲೂ ಸ್ವಲ್ಪ ಉದ್ದವಾಗಿರುತ್ತದೆ. ಕಣ್ಣೂರಿನ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಇದೆ, ಅದರ ಉದ್ದ 3,050 ಮೀಟರ್. ವಿಮಾನ ಗಾಳಿಗೆ ಎದುರಾಗಿ ಏರಬೇಕು. ಗಾಳಿ ಕಡಲ ಕಡೆಯಿಂದ ಬೀಸುತ್ತಿದ್ದರೆ ಅದು ಪಶ್ಚಿಮಕ್ಕೆ ಏರಿ ನೇರವಾಗಿ ಅರಬ್ಬೀ ಸಮುದ್ರದ ಮೇಲೆ ಸಾಗುತ್ತದೆ. ಗಾಳಿ ಬೆಟ್ಟದ ಕಡೆಯಿಂದ ಇದ್ದರೆ ಕೊಡಗಿನ ದಿಕ್ಕಿಗೆ ಏರಿ, ತಿರುಗಿ, ಆಮೇಲೆ ಕಡಲಿಗೆ ಹೋಗಬೇಕಾಗುತ್ತದೆ. ಅಲ್ಲಿಂದ ಮುಂದೆಯೂ ಗೊತ್ತುಪಡಿಸಿದ ಬಿಂದುಗಳನ್ನು ಒಂದೊಂದಾಗಿ ದಾಟಿ, ಭಾರತದ ನಿಯಂತ್ರಣ ವಲಯದಿಂದ ಮಸ್ಕತ್ ವಲಯಕ್ಕೆ, ಅಲ್ಲಿಂದ ಎಮಿರೇಟ್ಸ್ ವಲಯಕ್ಕೆ ಕೈ ಬದಲಾಗುತ್ತ, ಕೊನೆಗೆ ದುಬೈಯ ದಟ್ಟಣೆಯಲ್ಲಿ ಇಳಿಯುವ ಸಾಲಿಗೆ ಸೇರಿಕೊಳ್ಳುತ್ತದೆ. ಇದೆಲ್ಲ ಸೇರಿ ಹತ್ತಾರು ಕಿಲೋಮೀಟರುಗಳು ಹೆಚ್ಚಾಗುತ್ತವೆ. ಆಕಾಶದ ದಾರಿಯೇ ಮುಚ್ಚಿಹೋಗುವುದೂ ಉಂಟು. 2019ರ ಫೆಬ್ರುವರಿ ಕೊನೆಯಿಂದ ಜುಲೈ ಮಧ್ಯದವರೆಗೆ ಪಾಕಿಸ್ತಾನದ ವಾಯುಪ್ರದೇಶ ಭಾರತದ ವಿಮಾನಗಳಿಗೆ ಬಹುಮಟ್ಟಿಗೆ ಮುಚ್ಚಿದ್ದಾಗ, ದೆಹಲಿಯಿಂದ ಯುರೋಪಿಗೆ ಹೋಗುವವರು ಬಳಸಿ ಹೋಗಬೇಕಾಯಿತು. ಆಗಲೂ ದೂರ ಲೆಕ್ಕ ಹಾಕುವ ಜಾಲತಾಣಗಳು ಹಳೆಯ ಅಂಕಿಯನ್ನೇ ತೋರಿಸುತ್ತಿದ್ದವು. ಕಣ್ಣೂರಿನಿಂದ ದುಬೈಗೆ ಹೋಗುವ ದಾರಿ ಸಮುದ್ರ ಮತ್ತು ಓಮನ್ ಮೇಲಿನಿಂದ ಇರುವುದರಿಂದ ಆ ತೊಂದರೆ ಅದಕ್ಕೆ ತಟ್ಟುವುದಿಲ್ಲ.

ಜಾಲತಾಣಗಳು ಕೊಡುವ ಸಮಯದ ಗುಟ್ಟು ಬಹಳ ಸರಳವಾದದ್ದು. ನೀವು ಕಂಡ 3 ಗಂಟೆ 43 ನಿಮಿಷವನ್ನು ನೋಡಿ: ಗಂಟೆಗೆ 500 ಮೈಲಿ, ಅಂದರೆ 805 ಕಿ.ಮೀ. ವೇಗವೆಂದು ಊಹಿಸಿ 2,587ನ್ನು ಭಾಗಿಸಿದರೆ 3 ಗಂಟೆ 13 ನಿಮಿಷ ಬರುತ್ತದೆ. ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಸೇರಿಸಿದರೆ ಸರಿಯಾಗಿ 3:43. ಎರಡನೆಯ ಜಾಲತಾಣದ 3 ಗಂಟೆ 14 ನಿಮಿಷ ಗಂಟೆಗೆ 800 ಕಿ.ಮೀ. ಲೆಕ್ಕದ ಬರೀ ಭಾಗಾಕಾರದ ಫಲ, ಅಲ್ಲಿ ಏರುವಿಕೆ ಇಳಿಯುವಿಕೆಗಳಿಗೆ ಏನನ್ನೂ ಸೇರಿಸಿಲ್ಲ. ಎರಡರಲ್ಲೂ ಗಾಳಿಯಿಲ್ಲ, ಋತುವಿಲ್ಲ, ವಿಮಾನದ ಮಾದರಿಯೂ ಇಲ್ಲ. ಮೊದಲನೆಯದು ವೇಳಾಪಟ್ಟಿಗೆ ಹತ್ತಿರ ಬಂದಿರುವುದು ಆ ಅರ್ಧ ಗಂಟೆಯ ಊಹೆ ಈ ದೂರಕ್ಕೆ ಹೊಂದಿಕೊಂಡದ್ದರಿಂದ. ಇದೇ ಸೂತ್ರವನ್ನು ಸಣ್ಣ ಎಟಿಆರ್ ವಿಮಾನದ ದಾರಿಗೆ ಅನ್ವಯಿಸಿದರೆ ಉತ್ತರ ಕೆಡುತ್ತದೆ, ಏಕೆಂದರೆ ಪಂಖ ತಿರುಗಿಸಿ ಹಾರುವ ಆ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಆಸುಪಾಸಿನಲ್ಲಿರುತ್ತದೆ.

ಈ ಮಾರ್ಗಕ್ಕೆ ಸಾಮಾನ್ಯವಾಗಿ ಬಳಸುವ ಬೋಯಿಂಗ್ 737 ಅಥವಾ ಏರ್‌ಬಸ್ 320 ಮಾದರಿಯ ವಿಮಾನಗಳು ಮೇಲೆ ಸಮತಟ್ಟಾಗಿ ಹಾರುವಾಗ ಶಬ್ದದ ವೇಗದ ಸುಮಾರು ನೂರಕ್ಕೆ 78ರಷ್ಟು ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 830 ಕಿ.ಮೀ.ಯಲ್ಲಿ ಸಾಗುತ್ತವೆ. ಆದರೆ ಅಷ್ಟು ವೇಗಕ್ಕೆ ಬರಲು ಹೊತ್ತು ಬೇಕು. ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ ಗಂಟೆಗೆ 250 ನಾಟಿಕಲ್ ಮೈಲಿಯ ಮಿತಿಯಿದೆ, ಕಿಲೋಮೀಟರಿನಲ್ಲಿ ಅದು 463. ಇಳಿಯುವಾಗ ನಿಲ್ದಾಣಕ್ಕೆ ಇನ್ನೂ ಇನ್ನೂರು ಕಿಲೋಮೀಟರ್ ಇರುವಾಗಲೇ ಎತ್ತರವನ್ನೂ ವೇಗವನ್ನೂ ತಗ್ಗಿಸಲು ಶುರುಮಾಡುತ್ತಾರೆ. ಸಾಲದ್ದಕ್ಕೆ 830 ಎಂಬುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಆ ಗಾಳಿಯೇ ಚಲಿಸುತ್ತಿದ್ದರೆ ನೆಲಕ್ಕೆ ಹೋಲಿಸಿದ ವೇಗ ಬೇರೆಯಾಗುತ್ತದೆ. ದುಬಾರೆಯಲ್ಲಿ ಕಾವೇರಿ ತುಂಬಿ ಹರಿಯುವಾಗ ದೋಣಿಯನ್ನು ಹೊಳೆಯೊಂದಿಗೆ ಬಿಡುವುದಕ್ಕೂ ಹೊಳೆಗೆ ಎದುರಾಗಿ ಹುಟ್ಟು ಹಾಕುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಲೆಕ್ಕದಲ್ಲಿ ಹೇಳುವುದಾದರೆ, ಗಾಳಿಯೇ ಇಲ್ಲದಿದ್ದರೆ 2,587 ಕಿ.ಮೀ.ಗೆ 3 ಗಂಟೆ 7 ನಿಮಿಷ. ಗಂಟೆಗೆ 60 ಕಿ.ಮೀ. ಎದುರುಗಾಳಿ ಇದ್ದರೆ 3 ಗಂಟೆ 22 ನಿಮಿಷ. ಅಷ್ಟೇ ಗಾಳಿ ಹಿಂದಿನಿಂದ ನೂಕಿದರೆ 2 ಗಂಟೆ 54 ನಿಮಿಷ. ಹೋಗಿ ಬರುವುದರ ನಡುವೆ ಸುಮಾರು ಅರ್ಧ ಗಂಟೆಯ ಅಂತರ ಗಾಳಿಯೊಂದರಿಂದಲೇ ಬಂದುಬಿಡುತ್ತದೆ.

ಗಾಳಿ ಯಾವ ಕಡೆಯಿಂದ ಎಂಬುದು ಋತುವಿನ ಮೇಲೆ ನಿಂತಿದೆ, ಮತ್ತು ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಸ್ವಾರಸ್ಯದ್ದೆಂದು ತೋರುವ ಭಾಗ ಇದೇ. ಚಳಿಗಾಲದಲ್ಲಿ ಸುಮಾರು 25ರಿಂದ 30 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ, ಹನ್ನೆರಡು ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಗಾಳಿಯ ಪ್ರವಾಹ ಹರಿಯುತ್ತದೆ. ಅದರ ನಡುಭಾಗದಲ್ಲಿ ವೇಗ ಗಂಟೆಗೆ 150 ಕಿ.ಮೀ. ದಾಟುವುದು ಸಾಮಾನ್ಯ. ಕಣ್ಣೂರಿನ ಅಕ್ಷಾಂಶದಲ್ಲಿ ಅದರ ಬಿಸಿ ತಟ್ಟುವುದಿಲ್ಲವಾದರೂ ದುಬೈ ಇರುವುದು ಸರಿಯಾಗಿ 25 ಡಿಗ್ರಿಯಲ್ಲಿ. ಹಾಗಾಗಿ ಹೋಗುವ ದಾರಿಯ ಕೊನೆಯ ಅರ್ಧ ಈ ಗಾಳಿಯ ಅಂಚಿಗೆ ಎದುರಾಗುತ್ತದೆ. ಬರುವಾಗ ಅದೇ ಗಾಳಿ ಹಿಂದಿನಿಂದ ನೂಕುತ್ತದೆ. ಪುತ್ತರಿ ಬರುವುದು ನವೆಂಬರ್–ಡಿಸೆಂಬರಿನಲ್ಲಿ, ನಿಮ್ಮ ವೇಳಾಪಟ್ಟಿಯಲ್ಲಿ ಹೋಗುವುದಕ್ಕೆ ಹದಿನೈದು ನಿಮಿಷ ಹೆಚ್ಚು ಇಟ್ಟಿರುವುದು ಈ ಕಾರಣಕ್ಕೇ.

ಮಳೆಗಾಲದ ಕಥೆ ಇದಕ್ಕೆ ತದ್ವಿರುದ್ಧ. ಕಕ್ಕಡ ತಿಂಗಳಲ್ಲಿ ನಿಮ್ಮ ತೋಟದ ಸಿಲ್ವರ್ ಓಕ್ ಮರಗಳನ್ನು ಬಗ್ಗಿಸುವ ಗಾಳಿ ನೈಋತ್ಯದಿಂದ, ಅಂದರೆ ಕಡಲ ಕಡೆಯಿಂದ ಬರುತ್ತದೆ. ಅದನ್ನು ನೋಡಿದವರು ಮೇಲೆಯೂ ಅದೇ ಗಾಳಿ ಇರಬೇಕು, ದುಬೈಗೆ ಹೋಗುವ ವಿಮಾನ ಇನ್ನಷ್ಟು ತಡವಾಗಬೇಕು ಎಂದು ಭಾವಿಸುವುದು ಸಹಜ. ಆದರೆ ಆ ಗಾಳಿಯ ಪದರ ಕೆಲವೇ ಕಿಲೋಮೀಟರ್ ದಪ್ಪದ್ದು. ಅದನ್ನು ದಾಟಿ ವಿಮಾನ ಹಾರುವ ಹತ್ತು–ಹನ್ನೊಂದು ಕಿಲೋಮೀಟರ್ ಎತ್ತರಕ್ಕೆ ಹೋದರೆ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿರುತ್ತದೆ. ಇನ್ನೂ ಮೇಲೆ, ಹದಿನಾಲ್ಕು–ಹದಿನಾರು ಕಿಲೋಮೀಟರಿನಲ್ಲಿ, ಅದು ಪೂರ್ಣ ಜೆಟ್ ಪ್ರವಾಹದ ಬಲವನ್ನು ಪಡೆಯುತ್ತದೆ. ಈ ಪೂರ್ವ ದಿಕ್ಕಿನ ಜೆಟ್ ಪ್ರವಾಹವನ್ನು ಜಗತ್ತಿಗೆ ವಿವರಿಸಿದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ, 1950ರ ದಶಕದಲ್ಲಿ. ಮುಂದೆ ಅವರು ಭಾರತೀಯ ಹವಾಮಾನ ಇಲಾಖೆಯ ಮುಖ್ಯಸ್ಥರೂ ಆದರು. ಆದ್ದರಿಂದ ಜುಲೈನಲ್ಲಿ ದುಬೈಗೆ ಹೋಗುವವರಿಗೆ ಮೇಲಿನ ಗಾಳಿ ನೆರವಾಗುತ್ತದೆ, ಬರುವವರಿಗೆ ಎದುರಾಗುತ್ತದೆ. ಜಾಲತಾಣದ 2,587 ಮಾತ್ರ ಎರಡೂ ಋತುಗಳಲ್ಲಿ 2,587 ಆಗಿಯೇ ಇರುತ್ತದೆ.

ಟಿಕೆಟ್ಟಿನ ಸಮಯಕ್ಕೂ ಹಾರಾಟದ ಸಮಯಕ್ಕೂ ಇನ್ನೊಂದು ಅಂತರವಿದೆ. ವಿಮಾನ ನಿಂತ ಜಾಗದಿಂದ ಚಕ್ರದ ತಡೆಗಳನ್ನು ತೆಗೆದು ಕದಲಿದ ಕ್ಷಣದಿಂದ, ತಲಪಿದ ನಿಲ್ದಾಣದಲ್ಲಿ ಮತ್ತೆ ತಡೆ ಇಡುವ ಕ್ಷಣದವರೆಗಿನ ಹೊತ್ತನ್ನು ಬ್ಲಾಕ್ ಟೈಮ್ ಎನ್ನುತ್ತಾರೆ, ಟಿಕೆಟ್ಟಿನಲ್ಲಿರುವುದು ಇದೇ. ಕಣ್ಣೂರಿನಲ್ಲಿ ರನ್‌ವೇಗೆ ಹೋಗಿ ಏರುವುದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ದುಬೈ ಅಂತರರಾಷ್ಟ್ರೀಯ ಪ್ರಯಾಣಿಕರ ಮಟ್ಟಿಗೆ ಜಗತ್ತಿನ ಅತಿ ದಟ್ಟಣೆಯ ನಿಲ್ದಾಣ. ಅಲ್ಲಿ ಇಳಿದ ಮೇಲೂ ನೆಲದ ಮೇಲೆ ಕಾಲು ಗಂಟೆ ಓಡಾಡುವುದು ಹೊಸದೇನಲ್ಲ. ಮೇಲಾಗಿ, ವಿಮಾನ ಸಂಸ್ಥೆಗಳು ವೇಳಾಪಟ್ಟಿಯಲ್ಲಿ ಒಂದಿಷ್ಟು ಹೆಚ್ಚುವರಿ ನಿಮಿಷಗಳನ್ನು ಇಟ್ಟುಕೊಳ್ಳುತ್ತವೆ, ಏಕೆಂದರೆ ನಿಗದಿತ ಸಮಯಕ್ಕಿಂತ ಹದಿನೈದು ನಿಮಿಷದೊಳಗೆ ಬಂದರೆ ಮಾತ್ರ ಅದು ಸಕಾಲದ ಲೆಕ್ಕಕ್ಕೆ ಸೇರುತ್ತದೆ. ವಿಮಾನ ತಡವಾಗಿ ಹೊರಟಿತು, ಆದರೂ ಸಮಯಕ್ಕೆ ಸರಿಯಾಗಿ ತಲಪಿತು ಎಂದು ಜನ ಪೈಲಟ್ಟನ್ನು ಹೊಗಳುವುದನ್ನು ಕೇಳಿರಬಹುದು. ಬಹಳ ಸಲ ಆ ಹೊಗಳಿಕೆ ಸಲ್ಲಬೇಕಾದದ್ದು ವೇಳಾಪಟ್ಟಿ ಬರೆದವರಿಗೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಯಾವ ನಿಲ್ದಾಣ ಎಂಬುದು. ಆಕಾಶದ ದೂರವನ್ನಷ್ಟೇ ನೋಡಿದರೆ ಮಂಗಳೂರಿನವರು ಹೇಳಿದ್ದು ಸರಿ. ಮಂಗಳೂರಿನಿಂದ ದುಬೈಗೆ ಸುಮಾರು 2,460 ಕಿ.ಮೀ., ಕಣ್ಣೂರಿನಿಂದ 2,587, ಬೆಂಗಳೂರಿನಿಂದ 2,695. ಮಂಗಳೂರನ್ನು ಆರಿಸಿಕೊಂಡರೆ ಕಣ್ಣೂರಿಗಿಂತ 127 ಕಿ.ಮೀ. ಕಡಿಮೆ. ಆ ಅಂತರವನ್ನು ವಿಮಾನ ಒಂಬತ್ತು ನಿಮಿಷದಲ್ಲಿ ಹಾರುತ್ತದೆ. ಬೆಂಗಳೂರಿಗೂ ಮಂಗಳೂರಿಗೂ ಇರುವ ವ್ಯತ್ಯಾಸ ಹದಿನೇಳು ನಿಮಿಷ. ಈ ಒಂಬತ್ತು ನಿಮಿಷವನ್ನು ಉಳಿಸಲು ನೀವು ನೆಲದ ಮೇಲೆ ಎಷ್ಟು ಕೊಡಬೇಕಾಗುತ್ತದೆ ಎಂಬುದನ್ನು ಲೆಕ್ಕ ಹಾಕಿದರೆ ಉತ್ತರ ತಾನಾಗಿ ಸಿಗುತ್ತದೆ.

ವಿರಾಜಪೇಟೆಯಿಂದ ಕಣ್ಣೂರು ವಿಮಾನ ನಿಲ್ದಾಣಕ್ಕೆ ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ದಾರಿಯಲ್ಲಿ ಸುಮಾರು 60 ಕಿ.ಮೀ. ಗಾಳಿಯಲ್ಲಿ ದಾರ ಹಿಡಿದರೆ ನಲುವತ್ತನ್ನು ಸ್ವಲ್ಪ ದಾಟುತ್ತದೆ ಅಷ್ಟೆ. ಉಳಿದದ್ದು ಘಾಟಿಯ ತಿರುವುಗಳು. ಅಮ್ಮತ್ತಿಯಿಂದ ವಿರಾಜಪೇಟೆಯವರೆಗಿನ ದಾರಿಯನ್ನೂ ಸೇರಿಸಿ ಎರಡು, ಎರಡೂವರೆ ಗಂಟೆ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲು ತಲಪಬೇಕೆಂದರೆ, 9ರ ವಿಮಾನಕ್ಕೆ ಬೆಳಗಿನ ಜಾವ ಮೂರೂವರೆಗೆ ಮನೆ ಬಿಡಬೇಕು. ಚೆಕ್ ಇನ್ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ಈ ಮೂರು ಗಂಟೆಯಲ್ಲಿ ನಿಮಗೆ ನಿಜಕ್ಕೂ ಕೈಗೆ ಸಿಗುವುದು ಎರಡೇ ಗಂಟೆ ಎಂಬುದು ನೆನಪಿರಲಿ. ಮನೆ ಬಿಟ್ಟ ಹೊತ್ತಿನಿಂದ ದುಬೈಯಲ್ಲಿ ವಿಮಾನದ ಬಾಗಿಲು ತೆರೆಯುವವರೆಗೆ ಒಟ್ಟು ಒಂಬತ್ತು, ಒಂಬತ್ತೂವರೆ ಗಂಟೆ.

ಮಂಗಳೂರಿಗೆ ಹೋಗುವುದಾದರೆ ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ದಾಟಿ ನಿಲ್ದಾಣಕ್ಕೆ 170 ಕಿ.ಮೀ.ಗಿಂತ ಹೆಚ್ಚೇ ಆಗುತ್ತದೆ, ನಾಲ್ಕೂವರೆಯಿಂದ ಐದು ಗಂಟೆ. ಒಂಬತ್ತು ನಿಮಿಷದ ಲಾಭಕ್ಕೆ ಎರಡೂವರೆ ಗಂಟೆಯ ನಷ್ಟ. ಬೆಂಗಳೂರು ಇನ್ನೂ ದೂರ. ಗೋಣಿಕೊಪ್ಪ, ತಿತಿಮತಿ, ಹುಣಸೂರು ಮೂಲಕ ಮೈಸೂರಿಗೆ ಹೋಗಿ, ಅಲ್ಲಿಂದ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಹಿಡಿದರೂ, ಅದು ನಿಮ್ಮನ್ನು ಬಿಡುವುದು ನಗರದ ನೈಋತ್ಯ ಅಂಚಿನಲ್ಲಿ. ದೇವನಹಳ್ಳಿ ಇರುವುದು ನಗರದ ಉತ್ತರಕ್ಕೆ. ಇಡೀ ಬೆಂಗಳೂರನ್ನು ದಾಟುವ ಆ ಕೊನೆಯ ತುಂಡಿಗೆ ಎಷ್ಟು ಹೊತ್ತು ಎಂಬುದನ್ನು ಮುಂಚಿತವಾಗಿ ಹೇಳುವ ಧೈರ್ಯ ನನಗಿಲ್ಲ. ಒಟ್ಟು ರಸ್ತೆಗೆ ಏಳು ಗಂಟೆ ಇಟ್ಟುಕೊಳ್ಳದೆ ಹೊರಡಬೇಡಿ. ಮೈಸೂರಿನಿಂದ ವಿಮಾನ ನಿಲ್ದಾಣಕ್ಕೆ ನೇರವಾಗಿ ಹೋಗುವ ಸರ್ಕಾರಿ ಫ್ಲೈಬಸ್ ಇರುವುದರಿಂದ, ಸ್ವಂತ ವಾಹನ ಓಡಿಸಲು ಬೇಸರವಾದವರಿಗೆ ಅದೊಂದು ಉಪಾಯ. ಮೈಸೂರಿನಲ್ಲೇ ವಿಮಾನ ನಿಲ್ದಾಣವಿದೆಯಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿನ ರನ್‌ವೇ 1,740 ಮೀಟರ್ ಉದ್ದದ್ದು, ಎಟಿಆರ್‌ನಂಥ ಸಣ್ಣ ವಿಮಾನಗಳಿಗೆ ಮಾತ್ರ ಸಾಕಾಗುತ್ತದೆ.

ಈ ತೀರ್ಪು ನಿಮ್ಮಂಥ ದಕ್ಷಿಣ ಕೊಡಗಿನವರಿಗೆ ಮಾತ್ರ ಅನ್ವಯಿಸುತ್ತದೆ. ಮಡಿಕೇರಿಯವರಿಗೆ ಕಣ್ಣೂರು ನಿಲ್ದಾಣ ಸುಮಾರು 90 ಕಿ.ಮೀ., ಮಂಗಳೂರು ಸುಮಾರು 140, ಹಾಗಾಗಿ ವಿಮಾನದ ದಿನವೂ ಹೊತ್ತೂ ಯಾವ ನಿಲ್ದಾಣದಲ್ಲಿ ಹೊಂದುತ್ತದೆ ಎಂಬುದನ್ನು ನೋಡಿ ಆರಿಸಿಕೊಳ್ಳಬಹುದು. ಶನಿವಾರಸಂತೆಯ ಕಡೆಯವರಿಗೆ ಹಾಸನ, ನೆಲಮಂಗಲ ದಾರಿ ಹಿಡಿದು ನಗರದ ಒಳಗೆ ಹೋಗದೆ ದೇವನಹಳ್ಳಿ ಸೇರುವ ಸೌಕರ್ಯ ಇರುವುದರಿಂದ ಅವರಿಗೆ ಬೆಂಗಳೂರೇ ಸುಲಭ. ಹೀಗೆ ಒಂದೇ ಜಿಲ್ಲೆಯಲ್ಲಿ ದುಬೈಗೆ ಮೂರು ಬೇರೆ ಬೇರೆ ದಾರಿಗಳು ಸರಿಯಾದವೇ ಆಗುತ್ತವೆ.

ಮಾಕುಟ್ಟ ದಾರಿಯನ್ನು ಶಿಫಾರಸು ಮಾಡುವಾಗ ಮಳೆಗಾಲದ ಎಚ್ಚರಿಕೆಯನ್ನು ಹೇಳದಿರಲಾಗದು. 2018ರ ಜೂನ್‌ನಲ್ಲಿ ಈ ದಾರಿಯಲ್ಲಿ ಬರೆ ಕುಸಿದು ಸಂಚಾರವೇ ನಿಂತುಹೋಗಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಭೂಕುಸಿತವಾಗಿ ಮಡಿಕೇರಿ–ಸಂಪಾಜೆ ಹೆದ್ದಾರಿಯೂ ಮುಚ್ಚಿತ್ತು. ಕಣ್ಣೂರು ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು ಅದೇ ವರ್ಷದ ಡಿಸೆಂಬರ್ 9ರಂದು, ಅದಕ್ಕಿಂತ ಮೊದಲಾಗಿದ್ದರೆ ಆ ಮಳೆಗಾಲದಲ್ಲಿ ನಮ್ಮವರು ಮಾಕುಟ್ಟವನ್ನು ನಂಬಿ ಟಿಕೆಟ್ ತೆಗೆದಿರುತ್ತಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಯಾಣವಿದ್ದರೆ ಹಿಂದಿನ ಸಂಜೆಯೇ ಘಾಟಿ ಇಳಿದು ಇರಿಟ್ಟಿಯಲ್ಲೋ ಮಟ್ಟನ್ನೂರಿನಲ್ಲೋ ತಂಗುವುದು ಮೇಲು. ಅದೇ ತಿಂಗಳುಗಳಲ್ಲಿ ಕರಾವಳಿಯ ನಿಲ್ದಾಣಗಳ ಮೇಲೆ ಮೋಡ ತಗ್ಗಿ ಇಳಿಯಬೇಕಾದ ವಿಮಾನ ಬೇರೆ ಊರಿಗೆ ಹೋಗಿಬಿಡುವುದೂ ಉಂಟು. ಪುತ್ತರಿಯ ಹೊತ್ತಿಗೆ ಈ ಎರಡೂ ಭಯ ಬಹುತೇಕ ಇರುವುದಿಲ್ಲ; ನಸುಕಿನಲ್ಲಿ ಮಂಜು ಮತ್ತು ದಾರಿಗಡ್ಡ ಬರುವ ಆನೆ, ಇವೆರಡಕ್ಕೆ ಹತ್ತು–ಹದಿನೈದು ನಿಮಿಷ ಹೆಚ್ಚು ಇಟ್ಟುಕೊಂಡರೆ ಸಾಕು.

ಟಿಕೆಟ್ ತೆಗೆಯುವಾಗ ದಿನಾಂಕವನ್ನು ಎರಡು ಸಲ ಓದಿ. ದುಬೈಯಿಂದ ರಾತ್ರಿ ಹೊರಡುವ ವಿಮಾನ ಇಲ್ಲಿಗೆ ಮರುದಿನ ತಲಪುತ್ತದೆ, ಆಗ ತಲಪುವ ಸಮಯದ ಪಕ್ಕದಲ್ಲಿ ಸಣ್ಣದಾಗಿ ಒಂದು ದಿನ ಹೆಚ್ಚೆಂದು ಗುರುತು ಹಾಕಿರುತ್ತಾರೆ. ಇನ್ನೂ ಅಪಾಯದ್ದು ನಡುರಾತ್ರಿ ದಾಟಿದ ಮೇಲೆ ಹೊರಡುವ ವಿಮಾನ: 15ನೇ ತಾರೀಕು 00:30 ಎಂದಿದ್ದರೆ, ನಾವು ಮಾತಿನಲ್ಲಿ ಹದಿನಾಲ್ಕರ ರಾತ್ರಿ ಎನ್ನುವ ಹೊತ್ತಿಗೆ ಮನೆ ಬಿಟ್ಟು ಹೊರಟಿರಬೇಕು. ಹದಿನೈದರ ರಾತ್ರಿ ಹೊರಟು ಹೋದರೆ ಒಂದು ದಿನ ತಡವಾಗಿರುತ್ತದೆ.

ಜೀಪಿನ ವಿಷಯಕ್ಕೆ ಬಂದರೆ, ಟಿಕೆಟ್ಟಿನ 5:25ನ್ನು ನೋಡಿ ಹೊರಡುವುದಕ್ಕಿಂತ, ವಿಮಾನ ದುಬೈಯಲ್ಲಿ ನೆಲ ಬಿಟ್ಟ ಹೊತ್ತನ್ನು ನೋಡಿ ಹೊರಡುವುದು ಹೆಚ್ಚು ನಂಬಿಕೆಯದು. ವಿಮಾನಗಳು ಎಲ್ಲಿವೆ ಎಂಬುದನ್ನು ತೋರಿಸುವ ಆ್ಯಪ್‌ಗಳಲ್ಲಿ ವಿಮಾನದ ಸಂಖ್ಯೆ ಹಾಕಿದರೆ ಅದು ಏರಿದ ನಿಮಿಷ ಗೊತ್ತಾಗುತ್ತದೆ. ಹಿಂದಿನ ಕೆಲವು ದಿನಗಳಲ್ಲಿ ಅದೇ ವಿಮಾನ ನಿಜಕ್ಕೂ ಎಷ್ಟು ಹೊತ್ತು ಹಾರಿತು ಎಂಬುದೂ ಅಲ್ಲೇ ಸಿಗುತ್ತದೆ, ಮತ್ತು ದೂರ ಲೆಕ್ಕ ಹಾಕುವ ಯಾವ ಜಾಲತಾಣಕ್ಕಿಂತಲೂ ಅದು ಒಳ್ಳೆಯ ಅಂದಾಜು. ಡಿಸೆಂಬರಿನಲ್ಲಿ ಹಾರಾಟಕ್ಕೆ ಸುಮಾರು 3 ಗಂಟೆ 10 ನಿಮಿಷ, ಇಳಿದ ಮೇಲೆ ಇಮಿಗ್ರೇಷನ್, ಸಾಮಾನು ಮತ್ತು ಕಸ್ಟಮ್ಸ್ ಮುಗಿಸಿ ಹೊರಬರಲು ಮುಕ್ಕಾಲು ಗಂಟೆ ಎಂದುಕೊಂಡರೆ, ವಿಮಾನ ಏರಿ ಒಂದೂವರೆ ಗಂಟೆ ಕಳೆದ ಮೇಲೆ ಅಮ್ಮತ್ತಿಯಿಂದ ಜೀಪು ಹೊರಟರೂ ನೀವು ಹೊರಬರುವ ಹೊತ್ತಿಗೆ ಅದು ಮಟ್ಟನ್ನೂರಿನಲ್ಲಿರುತ್ತದೆ. ಮಾಕುಟ್ಟದ ಕಾಡಿನ ಉದ್ದಕ್ಕೂ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದ ಕಾರಣ, ಎಲ್ಲಿ ನಿಂತು ಕಾಯಬೇಕೆಂಬುದನ್ನು ಚಾಲಕರಿಗೆ ವಿರಾಜಪೇಟೆ ದಾಟುವ ಮೊದಲೇ ಹೇಳಿಬಿಡಿ.